ಪೆಟ್ರೋಲ್ ಏರಿದ್ದು ಮೂರು ರೂಪಾಯಿ, ಮನೆ ಖರ್ಚು ಏರಿದ್ದು ಮೂರು ಸಾವಿರ: ಉಳಿದದ್ದು ಎಲ್ಲಿಂದ ಬಂತು?

ಪ್ರಶ್ನೆ: ನಾನು ತುಮಕೂರಿನ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ದಿನಾ ಸ್ಕೂಟರಿನಲ್ಲಿ ಹೋಗಿಬರುವುದು 30 ಕಿಲೋಮೀಟರ್. ಯಜಮಾನರು ದಾಬಸ್‌ಪೇಟೆಯ ಕಾರ್ಖಾನೆಗೆ 2013ರ ಪೆಟ್ರೋಲ್ ಕಾರಿನಲ್ಲಿ ದಿನಕ್ಕೆ 50 ಕಿಲೋಮೀಟರ್ ಓಡಾಡುತ್ತಾರೆ. ಎರಡೂ ಸೇರಿ ತಿಂಗಳಿಗೆ ಹತ್ತು ಸಾವಿರ ಬಂಕಿಗೇ ಹೋಗುತ್ತಿದೆ. ಒಂದೂವರೆ ವರ್ಷದಲ್ಲಿ ಮನೆ ಖರ್ಚು ಮೂರು ಸಾವಿರ ಜಾಸ್ತಿಯಾಗಿದೆ. ಅಕ್ಕಿ ಅಂಗಡಿಯವರು, ತರಕಾರಿಯವರು, ಸ್ಕೂಲ್ ವ್ಯಾನಿನವರು ಎಲ್ಲರದ್ದೂ ಒಂದೇ ಮಾತು, ಡೀಸೆಲ್ ಜಾಸ್ತಿ ಆಯ್ತು ಅಂತ. ಕಚ್ಚಾ ತೈಲ ಅಗ್ಗ ಆಯ್ತು ಅಂತ ಸುದ್ದಿ ಬಂದರೂ ಬಂಕಿನಲ್ಲಿ ಇಳಿಯುವುದಿಲ್ಲ, ಯಾಕೆ? ಕಾರಿಗೆ ಸಿಎನ್‌ಜಿ ಹಾಕಿಸಬೇಕಾ, ಸ್ಕೂಟರ್ ಮಾರಿ ಎಲೆಕ್ಟ್ರಿಕ್ ತಗೋಬೇಕಾ? ಹೊಸ ಪೆಟ್ರೋಲಿನಿಂದ ಮೈಲೇಜ್ ಬಿದ್ದಿದೆ ಅಂತಾರಲ್ಲ, ಅದು ನಿಜವಾ?

ಉತ್ತರ:

ಮೇಡಂ, ನಿಮ್ಮದು ನಾಲ್ಕೈದು ಪ್ರಶ್ನೆ. ಆದರೆ ಅವೆಲ್ಲದರ ಹಿಂದೆ ಒಂದು ಅನುಮಾನ ಇದೆ: ಮನೆಯಲ್ಲಿ ಏರಿದ್ದೆಲ್ಲ ಇಂಧನದಿಂದಲೇ ಏರಿತಾ? ಅದನ್ನೇ ಮೊದಲು ನೋಡೋಣ. ನಾನು ಇಲ್ಲಿ ಬಳಸುವ ದರಗಳು 2025ರ ಎರಡನೇ ಅರ್ಧದವು, ಪೆಟ್ರೋಲ್ ಸುಮಾರು 103, ಡೀಸೆಲ್ ಸುಮಾರು 91. ನೀವು ಓದುವ ಹೊತ್ತಿಗೆ ದರ ಬದಲಾಗಿದ್ದರೆ ಆ ಅಂಕಿ ಹಾಕಿಕೊಂಡು ಇದೇ ಲೆಕ್ಕ ಮಾಡಿ.

ನಿಮ್ಮ ಸ್ಕೂಟರ್ ಲೀಟರಿಗೆ 45 ಕೊಡುತ್ತದೆ ಅಂದುಕೊಳ್ಳಿ. ತಿಂಗಳಿಗೆ 750 ಕಿಲೋಮೀಟರ್ ಅಂದರೆ 17 ಲೀಟರ್ ಹತ್ತಿರ. ಕಾರು 15 ಕೊಟ್ಟರೆ 1,200 ಕಿಲೋಮೀಟರಿಗೆ 80 ಲೀಟರ್. ಒಟ್ಟು 97 ಲೀಟರ್, ಹತ್ತು ಸಾವಿರ ರೂಪಾಯಿ. ನೀವು ಹೇಳಿದ ಮೊತ್ತ ಸರಿಯಾಗೇ ಇದೆ. ಈಗ ಏರಿಕೆಗೆ ಬರೋಣ. 2024ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಗೆ ಮುಂಚೆ, ಲೀಟರಿಗೆ ಎರಡು ರೂಪಾಯಿ ಇಳಿಸಿದಾಗ ಬೆಂಗಳೂರಿನಲ್ಲಿ ಪೆಟ್ರೋಲ್ 99.84 ಇತ್ತು. ಅದೇ ವರ್ಷ ಜೂನ್ 15ಕ್ಕೆ ರಾಜ್ಯ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಲೀಟರಿಗೆ ಮೂರು ರೂಪಾಯಿ ಜಾಸ್ತಿಯಾಯಿತು. ಆಮೇಲೆ 2025ರ ಎರಡನೇ ಅರ್ಧದಲ್ಲೂ ಹೆಚ್ಚುಕಮ್ಮಿ ಅಲ್ಲೇ ನಿಂತಿತ್ತು.

ಮೂರು ರೂಪಾಯಿಯಂತೆ 97 ಲೀಟರಿಗೆ ಎಷ್ಟಾಯಿತು? 291 ರೂಪಾಯಿ. ನಿಮ್ಮ ಮೂರು ಸಾವಿರದಲ್ಲಿ ಬಂಕಿನ ನೇರ ಪಾಲು ಇಷ್ಟೇ. ಹತ್ತು ಸಾವಿರ ಜಾಸ್ತಿ ಅನ್ನಿಸುವುದು ನಿಜ, ಆದರೆ ಅದು ಹಿಂದೆಯೂ 9,700 ಇತ್ತು. ಸಮಸ್ಯೆ ಇರುವುದು ಏರಿಕೆಯಲ್ಲಿ ಅಲ್ಲ, ಆ 80 ಲೀಟರಿನಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ಉಳಿದ 2,700? "ಎಲ್ಲ ಡೀಸೆಲ್‌ನಿಂದ" ಅನ್ನುವ ಮಾತನ್ನು ಸ್ವಲ್ಪ ತಿರುಗಿಸಿ ನೋಡೋಣ. ಸಾಗಣೆ ವೆಚ್ಚದ ಲೆಕ್ಕ ನೋಡುವುದೇ ನನ್ನ ಕಸುಬು, ಹಾಗಾಗಿ ಈ ಮಾತು ಕೇಳಿದಾಗಲೆಲ್ಲ ಪೆನ್ನು ಕೈಗೆ ಬರುತ್ತದೆ.

ಗಂಗಾವತಿಯಿಂದ ಸೋನಾ ಮಸೂರಿ ಹೊತ್ತ ಹತ್ತು ಟನ್ನಿನ ಲಾರಿ ಬೆಂಗಳೂರಿಗೆ ಬರುತ್ತದೆ. ದೂರ ಸುಮಾರು 350 ಕಿಲೋಮೀಟರ್. ಲೋಡ್ ಲಾರಿ ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಕೊಡುತ್ತದೆ ಅಂತ ಹಿಡಿಯೋಣ. ವಾಪಸ್ ಖಾಲಿ ಹೋಗುತ್ತದೆ, ಅದೂ ಅಷ್ಟೇ ಕುಡಿಯುತ್ತದೆ ಅಂತಲೇ ಇಟ್ಟುಕೊಳ್ಳೋಣ, ಲೆಕ್ಕ ಲಾರಿಯವರ ಪರವಾಗಿಯೇ ಇರಲಿ. ಹೋಗಿಬರಲು 156 ಲೀಟರ್ ಡೀಸೆಲ್. ಅಂದರೆ 14,200 ರೂಪಾಯಿ. ಹತ್ತು ಸಾವಿರ ಕೆಜಿಗೆ ಹಂಚಿದರೆ ಕೆಜಿಗೆ 1 ರೂಪಾಯಿ 42 ಪೈಸೆ. ಗಿರಣಿಯಿಂದ ಬೆಂಗಳೂರಿನ ತನಕ ಒಂದು ಕೆಜಿ ಅಕ್ಕಿಯ ಹಿಂದೆ ಉರಿದ ಡೀಸೆಲ್ ಇಷ್ಟು.

ಡೀಸೆಲ್ ಏರಿದ್ದು ಎಷ್ಟು? 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ 85.93 ಇತ್ತು. ಜೂನ್‌ನಲ್ಲಿ ತೆರಿಗೆ ಶೇ 14.34ರಿಂದ ಶೇ 18.44ಕ್ಕೆ ಏರಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಶೇ 21.17ಕ್ಕೆ ಏರಿತು. ದರ 91 ದಾಟಿತು. ಒಟ್ಟು ಐದು ರೂಪಾಯಿ. ಅದನ್ನು ನಮ್ಮ ಲಾರಿಗೆ ಹಾಕಿ: 780 ರೂಪಾಯಿ, ಕೆಜಿಗೆ ಎಂಟು ಪೈಸೆ. 26 ಕೆಜಿ ಮೂಟೆಗೆ ಎರಡು ರೂಪಾಯಿ. ಅಂಗಡಿಯವರು ಮೂಟೆಗೆ ನೂರು ರೂಪಾಯಿ ಏರಿಸಿ ಡೀಸೆಲ್ ಕಡೆ ಕೈ ತೋರಿಸಿದರೆ, 98 ರೂಪಾಯಿಗೆ ಬೇರೆ ಕಾರಣ ಹುಡುಕಬೇಕು. ಭತ್ತದ ದರ, ರಫ್ತು, ಗಿರಣಿ ಖರ್ಚು, ದಾಸ್ತಾನು, ಲಾಭ, ಹೀಗೆ ಬೇಕಾದಷ್ಟಿವೆ. ಉಳುಮೆ, ಕಟಾವಿನ ಯಂತ್ರಕ್ಕೂ ಡೀಸೆಲ್ ಬೇಕು ಅಂತ ನೀವು ಕೇಳಬಹುದು. ಅದನ್ನೂ ಸೇರಿಸಿ, ಎಂಟು ಪೈಸೆ ಇಪ್ಪತ್ತು ಪೈಸೆ ಆಗಬಹುದು. ನೂರು ರೂಪಾಯಿ ಆಗುವುದಿಲ್ಲ.

ತರಕಾರಿಯದ್ದೂ ಇದೇ ಕಥೆ. ಟೊಮೇಟೊ ಬೆಲೆಯನ್ನು ಆಡಿಸುವುದು ಮಳೆ ಮತ್ತು ಕೋಲಾರದ ಮಂಡಿಗೆ ಬರುವ ಮಾಲು. ಬೆಲೆ ಕೆಜಿಗೆ ಹತ್ತಕ್ಕೆ ಬಿದ್ದು ರೈತರು ರಸ್ತೆಗೆ ಸುರಿದಾಗ ಡೀಸೆಲ್ ಏನೂ ಇಳಿದಿರುವುದಿಲ್ಲ, ಅಲ್ವಾ?

ನಿಮ್ಮ ಮಗುವಿನ ವ್ಯಾನ್ ಲೆಕ್ಕ ಸ್ವಲ್ಪ ಬೇರೆ. ದಿನಕ್ಕೆ 60 ಕಿಲೋಮೀಟರ್ ಓಡುವ, ಲೀಟರಿಗೆ ಹತ್ತು ಕೊಡುವ ವ್ಯಾನಿಗೆ ಆರು ಲೀಟರ್ ಬೇಕು. ಐದು ರೂಪಾಯಿ ಏರಿಕೆಗೆ ದಿನಕ್ಕೆ 30, ತಿಂಗಳ 22 ಶಾಲಾ ದಿನಕ್ಕೆ 660. ಹದಿನಾಲ್ಕು ಮಕ್ಕಳಿಗೆ ಹಂಚಿದರೆ ತಲೆಗೆ 47 ರೂಪಾಯಿ. ಅವರು ಮುನ್ನೂರು ಏರಿಸಿದ್ದರೆ ಅದರಲ್ಲಿ ಡೀಸೆಲ್ ಪಾಲು ಐವತ್ತು. ಹಾಗಂತ ಅವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಇನ್ಶೂರೆನ್ಸ್, ಟೈರ್, ಎಫ್‌ಸಿ, ಡ್ರೈವರ್ ಸಂಬಳ ಅಂತ ಬೇರೆ ಖರ್ಚುಗಳೂ ಇವೆ. ಆದರೆ ಅದನ್ನೆಲ್ಲ ಪೋಷಕರಿಗೆ ಬಿಡಿಸಿ ಹೇಳುವುದು ಕಷ್ಟ. ಡೀಸೆಲ್ ಅಂದರೆ ಯಾರೂ ಎದುರು ಮಾತಾಡುವುದಿಲ್ಲ.

ಡೀಸೆಲ್ ನಿಜವಾಗಿ ಕಚ್ಚುವುದು ತೂಕ ಜಾಸ್ತಿ, ಬೆಲೆ ಕಡಿಮೆ ಇರುವ ಮಾಲಿನಲ್ಲಿ. ಎಂ-ಸ್ಯಾಂಡ್, ಜಲ್ಲಿ, ಇಟ್ಟಿಗೆ, ಮೇವು, ಟ್ಯಾಂಕರ್ ನೀರು. ಮನೆ ಕಟ್ಟಿಸುತ್ತಿರುವವರು ಇದನ್ನು ಕೇಳಿ ತಲೆಯಾಡಿಸುತ್ತಾರೆ. ನಿಮ್ಮ ಅಡುಗೆಮನೆಯಲ್ಲಿ ಅಂಥ ಮಾಲು ಕಡಿಮೆ.

ಹಾಗಾದರೆ ಯಾಕೆ ಎಲ್ಲವೂ ಒಟ್ಟಿಗೇ ಏರಿದಂತೆ ಅನ್ನಿಸಿತು? ಒಟ್ಟಿಗೇ ಏರಿದ್ದರಿಂದ. 2025ರ ಏಪ್ರಿಲ್ 1ನ್ನು ನೆನಪಿಸಿಕೊಳ್ಳಿ. ಅವತ್ತೇ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿತು. ಅವತ್ತೇ ಕರೆಂಟಿಗೆ ನೌಕರರ ಪಿಂಚಣಿ ಬಾಬ್ತಿನಲ್ಲಿ ಯೂನಿಟ್ಟಿಗೆ 36 ಪೈಸೆ ಸೇರಿತು. ಅವತ್ತೇ ಡೀಸೆಲ್ ತೆರಿಗೆಯ ಸುದ್ದಿಯೂ ಬಂತು. ಒಂದೇ ವಾರದಲ್ಲಿ ಸಿಲಿಂಡರ್ ಐವತ್ತು ರೂಪಾಯಿ ಏರಿ ಬೆಂಗಳೂರಿನಲ್ಲಿ 855 ದಾಟಿತು. ಅದಕ್ಕೂ ಮುಂಚೆ, ಜನವರಿಯಲ್ಲಿ, ಸರ್ಕಾರಿ ಬಸ್ ದರ ಶೇ 15 ಏರಿತ್ತು. ದಿನಕ್ಕೆ ಎರಡು ಲೀಟರ್ ಹಾಲು ತರುವ ಮನೆಗೆ ಹಾಲಿನಿಂದಲೇ ತಿಂಗಳಿಗೆ 240 ರೂಪಾಯಿ. ನಿಮ್ಮ ಎರಡು ಗಾಡಿಗಳ ಪೆಟ್ರೋಲ್ ಏರಿಕೆಗೆ ಇದು ಹತ್ತಿರ ಹತ್ತಿರ ಸಮ! ಹಾಲಿನ ಏರಿಕೆ ಹಾಲು ಹಾಕುವ ರೈತರಿಗೆ ಅಂತ ಸರ್ಕಾರ ಹೇಳಿತು, ಅದಕ್ಕೂ ಬಂಕಿಗೂ ಸಂಬಂಧ ಕಡಿಮೆ. ನಿಮ್ಮ ಖರ್ಚಿನ ಪುಸ್ತಕದಲ್ಲಿ ಇವನ್ನೆಲ್ಲ ಬೇರೆ ಬೇರೆ ಸಾಲಿನಲ್ಲಿ ಬರೆದರೆ ಮೂರು ಸಾವಿರ ಎಲ್ಲಿಂದ ಬಂತು ಅನ್ನುವುದು ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ.

ಈಗ ಇನ್ನೊಂದು ಬದಿ. ಅಕ್ಕಿ ತಿನ್ನುವವರಿಗೆ ಎಂಟು ಪೈಸೆಯಾದ ಅದೇ ಏರಿಕೆ ಲಾರಿ ಓಡಿಸುವವರಿಗೆ ಎಷ್ಟು? ತಿಂಗಳಿಗೆ 5,500 ಕಿಲೋಮೀಟರ್ ಓಡುವ ಲಾರಿಗೆ 1,200 ಲೀಟರ್ ಮೇಲೆ ಬೇಕು. ಐದು ರೂಪಾಯಿಯಂತೆ ಆರು ಸಾವಿರ. ಒಂದೇ ಲಾರಿ ಇಟ್ಟುಕೊಂಡು, ಅದರ ಸಾಲದ ಕಂತು ಕಟ್ಟುತ್ತಾ ಇರುವವರಿಗೆ ಆರು ಸಾವಿರ ಅಂದರೆ ಮನೆಯ ಒಂದು ತಿಂಗಳ ದಿನಸಿ. ಬಾಡಿಗೆಯನ್ನು ಅವರು ತಕ್ಷಣ ಏರಿಸಲು ಆಗುವುದಿಲ್ಲ. ಏರಿಸಿದರೆ ಲೋಡ್ ಪಕ್ಕದ ಲಾರಿಗೆ ಹೋಗುತ್ತದೆ. 2025ರ ಏಪ್ರಿಲ್‌ನಲ್ಲಿ ರಾಜ್ಯದ ಲಾರಿ ಮಾಲೀಕರು ಮುಷ್ಕರಕ್ಕೆ ಇಳಿದದ್ದು ಸುಮ್ನೆ ಅಲ್ಲ.

ಆಟೋದವರನ್ನು ನೋಡಿ. ಬೆಂಗಳೂರಿನಲ್ಲಿ ಮೀಟರ್ ದರ 2021ರ ಡಿಸೆಂಬರ್‌ನಲ್ಲಿ ಮೊದಲ ಎರಡು ಕಿಲೋಮೀಟರಿಗೆ 30 ರೂಪಾಯಿ ಆಯಿತು. ಮತ್ತೆ ಅದು 36 ಆದದ್ದು 2025ರ ಆಗಸ್ಟ್‌ನಲ್ಲಿ. ನಡುವಿನ ಮೂರೂವರೆ ವರ್ಷ ಗ್ಯಾಸ್ ಏರಿದ್ದನ್ನು ಯಾರು ಹೊತ್ತರು? ಸ್ವಲ್ಪ ಡ್ರೈವರ್ ಹೊತ್ತರು, ಸ್ವಲ್ಪ "ಮೀಟರ್ ಮೇಲೆ ಇಪ್ಪತ್ತು ಕೊಡಿ ಸಾರ್" ಅಂತ ಪ್ರಯಾಣಿಕರ ಮೇಲೆ ಬಂತು. ಬೈಕಿನಲ್ಲಿ ಊಟ ತಲುಪಿಸುವ ಹುಡುಗರದ್ದು ಇನ್ನೂ ಕಷ್ಟ. ಲೀಟರಿಗೆ 50 ಕೊಡುವ ಬೈಕಿನಲ್ಲಿ ದಿನಕ್ಕೆ 120 ಕಿಲೋಮೀಟರ್ ಓಡಿದರೆ 247 ರೂಪಾಯಿ ಪೆಟ್ರೋಲಿಗೇ ಬೇಕು. ದರ ಮೂರು ರೂಪಾಯಿ ಏರಿದರೆ ತಿಂಗಳಿಗೆ ಇನ್ನೂರು ಹತ್ತಿರ ಕೈಬಿಡುತ್ತದೆ, ಆರ್ಡರಿಗೆ ಸಿಗುವ ದುಡ್ಡು ಅದರ ಜೊತೆ ತಾನಾಗಿ ಏರುವುದಿಲ್ಲ. ಇಂಧನ ಏರಿಕೆಯ ಮೊದಲ ಪೆಟ್ಟು ಬೀಳುವುದು ದುಡಿಮೆಗಾಗಿ ಹ್ಯಾಂಡಲ್ ಹಿಡಿದವರ ಮೇಲೆ. ನಮ್ಮಂಥವರ ಅಡುಗೆಮನೆಗೆ ಬರುವ ಹೊತ್ತಿಗೆ ಅದು ಪೈಸೆಗಳಾಗಿ ಒಡೆದುಹೋಗಿರುತ್ತದೆ. ಟಿವಿ ಚರ್ಚೆಯಲ್ಲಿ ಮಾತ್ರ ಇದು ತಿರುಗುಮುರುಗಾಗಿ ಕಾಣುತ್ತದೆ.

ಇನ್ನು ಕಚ್ಚಾ ತೈಲ ಇಳಿದರೂ ಬಂಕಿನಲ್ಲಿ ಯಾಕೆ ಇಳಿಯುವುದಿಲ್ಲ ಅನ್ನುವ ಪ್ರಶ್ನೆ. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಡಾಲರ್ 87 ರೂಪಾಯಿ ಅಂತ ಹಿಡಿದರೆ, ಬ್ಯಾರೆಲ್ ಒಂದು ಡಾಲರ್ ಇಳಿದಾಗ ಲೀಟರಿಗೆ ಅರ್ಧ ರೂಪಾಯಿಗಿಂತ ಸ್ವಲ್ಪ ಜಾಸ್ತಿ ಇಳಿಯಬೇಕು. ಪೇಪರಿನಲ್ಲಿ "ತೈಲ ಹತ್ತು ಡಾಲರ್ ಕುಸಿತ" ಅಂತ ಬಂದರೆ ಐದೂವರೆ ರೂಪಾಯಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಸುದ್ದಿ ಓದುವಾಗ ಉಪಯೋಗಕ್ಕೆ ಬರುತ್ತದೆ.

ಆದರೆ ಆ ಐದೂವರೆ ರೂಪಾಯಿ ನಿಮ್ಮ ತನಕ ಬರುವ ದಾರಿಯಲ್ಲಿ ಮೂವರು ಕೈಯೊಡ್ಡಿ ನಿಂತಿದ್ದಾರೆ. ಮೊದಲನೆಯದು ಕೇಂದ್ರ. 2025ರ ಏಪ್ರಿಲ್‌ನಲ್ಲಿ ತೈಲ 65 ಡಾಲರಿಗಿಂತ ಕೆಳಗೆ ಬಂದಾಗ ಕೇಂದ್ರ ಅಬಕಾರಿ ಸುಂಕವನ್ನು ಲೀಟರಿಗೆ ಎರಡು ರೂಪಾಯಿ ಏರಿಸಿತು. ಬಂಕಿನ ದರ ಏರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಇಳಿಯಬೇಕಾಗಿದ್ದದ್ದು ಇಳಿಯಲಿಲ್ಲ, ಅಷ್ಟೇ. 2020ರಲ್ಲಿ ಕೊರೋನಾ ಕಾಲದಲ್ಲಿ ತೈಲ ಪಾತಾಳಕ್ಕೆ ಬಿದ್ದಾಗಲೂ ಹೀಗೇ ಆಯಿತು, ಆಗ ಒಂದೇ ಸಲಕ್ಕೆ ಪೆಟ್ರೋಲಿಗೆ ಹತ್ತು, ಡೀಸೆಲ್‌ಗೆ ಹದಿಮೂರು ರೂಪಾಯಿ. 2014ರ ಮೇ ತಿಂಗಳಲ್ಲಿ ಪೆಟ್ರೋಲ್ ಮೇಲಿನ ಕೇಂದ್ರ ಸುಂಕ 9.48 ಇತ್ತು. 2025ರ ಏಪ್ರಿಲ್‌ನಲ್ಲಿ ಅದು 21.90 ಆಯಿತು.

ಎರಡನೆಯದು ರಾಜ್ಯ. ಕೇಂದ್ರದ ಸುಂಕ ಲೀಟರಿಗೆ ಇಷ್ಟು ಅಂತ ಇದ್ದರೆ ರಾಜ್ಯದ್ದು ಶೇಕಡಾ ಲೆಕ್ಕ. ಮೂಲ ಬೆಲೆ ಒಂದು ರೂಪಾಯಿ ಏರಿದರೆ ರಾಜ್ಯಕ್ಕೆ ತಾನಾಗಿ ಮೂವತ್ತು ಪೈಸೆ ಸೇರುತ್ತದೆ. ಕೇಂದ್ರದ ಸುಂಕವೂ ಸೇರಿದ ಬೆಲೆಯ ಮೇಲೆ ಈ ತೆರಿಗೆ ಬೀಳುತ್ತದೆ, ಅಂದರೆ ತೆರಿಗೆಯ ಮೇಲೆ ತೆರಿಗೆ. ನಿಮ್ಮ 103 ರೂಪಾಯಿಯಲ್ಲಿ ಕೇಂದ್ರ, ರಾಜ್ಯ ಎರಡೂ ಸೇರಿ ಹತ್ತಿರ ಹತ್ತಿರ 45. ಬಂಕ್ ಮಾಲೀಕರ ಕಮಿಷನ್ ನಾಲ್ಕು ಚಿಲ್ಲರೆ.

ರಾಜಕೀಯದವರು ಇಲ್ಲಿ ಒಬ್ಬರ ಮೇಲೊಬ್ಬರು ಬೆರಳು ತೋರಿಸುತ್ತಾರೆ. ಒಂದು ವಿಷಯ ಮಾತ್ರ ಅವರು ಹೇಳುವುದು ಕಡಿಮೆ. ಆ 21.90ರಲ್ಲಿ ಮೂಲ ಸುಂಕ ಬರೀ 1 ರೂಪಾಯಿ 40 ಪೈಸೆ. ರಾಜ್ಯಗಳ ಜೊತೆ ಹಂಚಿಕೊಳ್ಳುವುದು ಅದನ್ನು ಮಾತ್ರ. ಉಳಿದದ್ದು ಸೆಸ್ ಮತ್ತು ವಿಶೇಷ ಸುಂಕ, ಅದು ಪೂರ್ತಿ ಕೇಂದ್ರದ್ದೇ. ರಾಜ್ಯಕ್ಕೆ ದುಡ್ಡು ಬೇಕಾದಾಗ ಅದರ ಕೈಗೆ ಸಿಗುವುದು ಮುಖ್ಯವಾಗಿ ಹೆಂಡ ಮತ್ತು ಪೆಟ್ರೋಲ್, ಉಳಿದ ಮಾಲಿನ ತೆರಿಗೆಯೆಲ್ಲ ಹೆಚ್ಚುಕಮ್ಮಿ ಜಿಎಸ್‌ಟಿಯೊಳಗೆ ಹೋಗಿದೆ. ಪೆಟ್ರೋಲನ್ನೂ ಜಿಎಸ್‌ಟಿಗೆ ಸೇರಿಸಿ ಅಂತ ಕೇಳುತ್ತಾರಲ್ಲ, 2021ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ನಡೆದ ಮಂಡಳಿ ಸಭೆಯಲ್ಲಿ ಆ ವಿಷಯ ಬಂದಾಗ ಇನ್ನೂ ಕಾಲ ಬಂದಿಲ್ಲ ಅಂತ ಕೈಬಿಟ್ಟರು. ಎಲ್ಲ ಪಕ್ಷದ ರಾಜ್ಯಗಳಿಗೂ ಈ ಆದಾಯ ಬೇಕು. ಬೇಗ ಆಗುತ್ತದೆ ಅಂತ ನಾನು ನಂಬುವುದಿಲ್ಲ.

ಮೂರನೆಯದು ತೈಲ ಕಂಪನಿಗಳು. ಕಾಗದದ ಮೇಲೆ 2017ರ ಜೂನ್ 16ರಿಂದ ದರ ದಿನಾ ಬದಲಾಗಬೇಕು. ನಡೆಯುವುದು ಬೇರೆ. 2022ರ ಆರಂಭದಲ್ಲಿ ಉತ್ತರ ಪ್ರದೇಶದ ಚುನಾವಣೆ ಮುಗಿಯುವ ತನಕ ದರ ಅಲುಗಾಡಲಿಲ್ಲ, ಆಮೇಲೆ ಎರಡು ವಾರದಲ್ಲಿ ಎಂಬತ್ತು ಎಂಬತ್ತು ಪೈಸೆಯಂತೆ ಹತ್ತು ರೂಪಾಯಿ ಏರಿತು. ಅಷ್ಟೂ ಏರಿಸಿದರೂ ಆ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಮೂರು ಸರ್ಕಾರಿ ಕಂಪನಿಗಳು ಸೇರಿ 18 ಸಾವಿರ ಕೋಟಿ ಮೇಲೆ ನಷ್ಟ ತೋರಿಸಿದವು. ತೈಲ ಇಳಿದಾಗ ಬೆಲೆ ಇಳಿಸದೆ ಆ ನಷ್ಟ ತುಂಬಿಸಿಕೊಂಡವು. ತುಂಬಿಸಿಕೊಂಡದ್ದು ಮಾತ್ರವಲ್ಲ, 2023-24ರಲ್ಲಿ ಮೂರಕ್ಕೂ ಸೇರಿ ಸುಮಾರು 81 ಸಾವಿರ ಕೋಟಿ ಲಾಭ ಬಂತು. ಏರುವಾಗ ನಮಗೆ ಪೂರ್ತಿ ಪೆಟ್ಟು ಬೀಳದಂತೆ ತಡೆಯುತ್ತಾರೆ, ಇಳಿಯುವಾಗ ಪೂರ್ತಿ ಲಾಭ ಸಿಗದಂತೆಯೂ ತಡೆಯುತ್ತಾರೆ. ಎರಡರಲ್ಲಿ ಯಾವುದು ಜಾಸ್ತಿ ಅನ್ನುವುದಕ್ಕೆ ಆ 81 ಸಾವಿರ ಕೋಟಿಯೇ ಉತ್ತರ ಅಂತ ನನಗನ್ನಿಸುತ್ತದೆ.

ಹಾಗಾಗಿ ಬಂಕಿನ ದರ ಇಳಿಯುತ್ತದೆ ಅಂತ ಕಾದು ಬಜೆಟ್ ಹಾಕಬೇಡಿ. ನಿಮ್ಮ ಕೈಯಲ್ಲಿರುವುದು ಕಿಲೋಮೀಟರಿನ ದರ. ಸ್ಕೂಟರಿಗೆ ಅದು 2 ರೂಪಾಯಿ 30 ಪೈಸೆ. ಕಾರಿಗೆ 6 ರೂಪಾಯಿ 87 ಪೈಸೆ, ಅದೂ ಬರೀ ಪೆಟ್ರೋಲ್, ಸರ್ವಿಸ್ ಟೈರ್ ಎಲ್ಲ ಬಿಟ್ಟು.

ನಿಮ್ಮ ಮನೆಯ ನಿಜವಾದ ಖರ್ಚು ಆ ಕಾರಿನಲ್ಲಿ ಒಬ್ಬರೇ ಕೂತು ಹೋಗುವುದು. ದಾಬಸ್‌ಪೇಟೆ ಕೈಗಾರಿಕಾ ಪ್ರದೇಶಕ್ಕೆ ತುಮಕೂರಿನಿಂದ ಹೋಗುವವರು ಎಷ್ಟೋ ಜನ. ಅದೇ ಶಿಫ್ಟಿನ ಇನ್ನಿಬ್ಬರು ಸಿಕ್ಕಿ ಪೆಟ್ರೋಲ್ ಹಂಚಿಕೊಂಡರೆ 8,240 ರೂಪಾಯಿ 2,750ಕ್ಕೆ ಇಳಿಯುತ್ತದೆ. ಉಳಿಯುವುದು ಐದೂವರೆ ಸಾವಿರ, ಯಾವ ಸರ್ಕಾರವೂ ಇಷ್ಟು ಇಳಿಸುವುದಿಲ್ಲ. ಕಾರ್ಖಾನೆಯ ಬಸ್ ಇದೆಯಾ ಅಂತಲೂ ಕೇಳಲಿ, ಕೆಎಸ್‌ಆರ್‌ಟಿಸಿ ಮಾಸಿಕ ಪಾಸಿನ ದರವನ್ನೂ ಒಮ್ಮೆ ವಿಚಾರಿಸಲಿ. ಬೈಕ್ ತಗೊಂಡರೂ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ. ಆದರೆ ಆ ಹೆದ್ದಾರಿಯಲ್ಲಿ ಲಾರಿಗಳ ಮಧ್ಯೆ ದಿನಾ 50 ಕಿಲೋಮೀಟರ್ ಬೈಕಿನಲ್ಲಿ ಹೋಗಿ ಅಂತ ನಾನಂತೂ ಹೇಳಲಾರೆ.

ಒಬ್ಬರೇ ಹೋಗಬೇಕಾದರೆ ವೇಗ ನೋಡಿಕೊಳ್ಳಲಿ. ಗಂಟೆಗೆ 80ರ ಬದಲು 100ರಲ್ಲಿ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. 25 ಕಿಲೋಮೀಟರಿನಲ್ಲಿ ಉಳಿಯುವ ಸಮಯ ನಾಲ್ಕು ನಿಮಿಷವೂ ಅಲ್ಲ. ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಿಸಿ, ಅದಕ್ಕೆ ದುಡ್ಡೂ ಬೇಡ.

ಸಿಎನ್‌ಜಿ ಲೆಕ್ಕ ಇಷ್ಟು. ಕೆಜಿಗೆ 90 ರೂಪಾಯಿ ಆಸುಪಾಸು, ಕೆಜಿಗೆ 20 ಕಿಲೋಮೀಟರ್ ಅಂತ ಹಿಡಿದರೆ ಕಿಲೋಮೀಟರಿಗೆ ನಾಲ್ಕೂವರೆ. ಈಗಿನ ಓಡಾಟಕ್ಕೆ ತಿಂಗಳಿಗೆ 2,800 ಉಳಿಯುತ್ತದೆ. ಕಿಟ್ ಹಾಕಿಸಲು 60 ಸಾವಿರ ಆದರೆ ಎರಡು ವರ್ಷದೊಳಗೆ ವಾಪಸ್ ಬರುತ್ತದೆ. ಆದರೆ ನಿಮ್ಮ ಕಾರಿನ ಆರ್‌ಸಿ 2028ಕ್ಕೆ ಮುಗಿಯುತ್ತದೆ. ದುಡ್ಡು ವಾಪಸ್ ಬಂದ ಸ್ವಲ್ಪ ದಿನಕ್ಕೇ ಕಾರನ್ನು ಇಟ್ಟುಕೊಳ್ಳಬೇಕಾ ಬೇಡವಾ ಅನ್ನುವ ಪ್ರಶ್ನೆ ಬರುತ್ತದೆ. ಕಾರು ಹಂಚಿಕೊಳ್ಳುವ ವ್ಯವಸ್ಥೆ ಆದರೆ ಕಿಟ್ ಬೇಡ. ಆಗದೇ ಇದ್ದರೆ, ಎಂಜಿನ್ ಗಟ್ಟಿಯಾಗಿದ್ದರೆ, ಹಾಕಿಸಿ. ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸದೆ ಮಾತ್ರ ಓಡಿಸಬೇಡಿ, ಅಪಘಾತವಾದರೆ ಇನ್ಶೂರೆನ್ಸ್ ತಕರಾರು ಬರುತ್ತದೆ. ಸಿಲಿಂಡರ್ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಮಾಡಿಸಬೇಕು.

ಎಲೆಕ್ಟ್ರಿಕ್ ಸ್ಕೂಟರಿಗೆ ನಿಮ್ಮ 750 ಕಿಲೋಮೀಟರಿಗೆ 26 ಯೂನಿಟ್ ಸಾಕು, ಇನ್ನೂರು ರೂಪಾಯಿ ಒಳಗೆ. ಉಳಿತಾಯ ಒಂದೂವರೆ ಸಾವಿರ. ಆದರೆ ಒಂದು ಲಕ್ಷದ ಇಪ್ಪತ್ತು ಸಾವಿರ ಸಾಲ ಮಾಡಿದರೆ ಮೂರು ವರ್ಷ ತಿಂಗಳಿಗೆ 3,900 ಕಂತು. ಈಗಿನ ಸ್ಕೂಟರ್ ಚೆನ್ನಾಗಿದ್ದರೆ ಮಾರಬೇಡಿ. ಅದು ಹಳತಾಗಿ ಹೇಗೂ ಹೊಸದು ತಗೋಬೇಕಾದಾಗ ಎಲೆಕ್ಟ್ರಿಕ್ಕೇ ತಗೊಳ್ಳಿ. ಇನ್ನೊಂದು ಮಾತು, ಮನೆಗೆ ಗೃಹಜ್ಯೋತಿ ಬರುತ್ತಿದ್ದರೆ ಆ 26 ಯೂನಿಟ್ ನಿಮ್ಮ ಮಿತಿ ದಾಟಿಸುತ್ತದಾ ನೋಡಿ. ಒಟ್ಟು ಬಳಕೆ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಕೊನೆಗೆ ನೀವು ಕೇಳಿದ ಹೊಸ ಪೆಟ್ರೋಲ್, ಅಂದರೆ ಶೇ 20 ಎಥನಾಲ್ ಬೆರೆಸಿದ ಇ20. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಮುಂಚೆಯೇ ಶೇ 10 ಬೆರೆಸುತ್ತಿದ್ದರು, ಈಗ ಶೇ 20. ಹೆಚ್ಚಾದ ಹತ್ತಕ್ಕೆ ಮೈಲೇಜ್ ಶೇ 3ರಿಂದ 4ರಷ್ಟು ಬೀಳುವುದು ಸಹಜ. 15 ಕೊಡುತ್ತಿದ್ದ ಕಾರು ಹದಿನಾಲ್ಕೂವರೆ ಕೊಡುತ್ತದೆ, ನಿಮಗೆ ತಿಂಗಳಿಗೆ ಮುನ್ನೂರು ರೂಪಾಯಿ. ಗಮನಿಸಿ, ಇದು 2024ರ ತೆರಿಗೆ ಏರಿಕೆಯಷ್ಟೇ ದೊಡ್ಡದು, ಆದರೆ ಬಂಕಿನ ಬೋರ್ಡಿನಲ್ಲಿ ಕಾಣುವುದಿಲ್ಲ. 2013ರ ಕಾರು ಇ20ಗಾಗಿ ಮಾಡಿದ್ದಲ್ಲ, ಹಾಗಾಗಿ ಸರ್ವಿಸ್ ಸಮಯದಲ್ಲಿ ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನು ನೋಡಿಸಿ.

ಮೈಲೇಜ್ ಹನ್ನೆರಡಕ್ಕೆ ಬಿದ್ದಿದ್ದರೆ ಮಾತ್ರ ಎಥನಾಲನ್ನು ಬೈಯಬೇಡಿ. ಫುಲ್ ಟ್ಯಾಂಕ್ ಮಾಡಿಸಿ, ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ ಅಳೆಯಿರಿ. ಆಗಲೂ ಹನ್ನೆರಡೇ ಬಂದರೆ ಮೆಕ್ಯಾನಿಕ್ ಹತ್ತಿರ ಹೋಗಿ. ಬಂಕಿನ ಮೇಲೇ ಅನುಮಾನವಿದ್ದರೆ ಐದು ಲೀಟರಿನ ಅಳತೆ ಪಾತ್ರೆ ತರಿಸಿ. ಅದರ ಮೇಲೆ ಅಳತೆ ಮತ್ತು ತೂಕ ಇಲಾಖೆಯ ಮುದ್ರೆ ಇರಬೇಕು, ಪ್ರತಿ ಬಂಕಿನಲ್ಲೂ ಅದನ್ನು ಇಟ್ಟಿರಲೇಬೇಕು. ಐದು ಲೀಟರಿಗೆ 25 ಮಿಲಿಗಿಂತ ಜಾಸ್ತಿ ಕಡಿಮೆ ಬಂದರೆ ಅಲ್ಲೇ ನಿಂತು ಇಲಾಖೆಗೆ ದೂರು ಕೊಡಬಹುದು.